ಮಾಲ್ದೀವ್ಸ್‌ಗೆ ಹೊರಡುವ ಮುನ್ನ ಶಂಕ್ರಕ್ಕ ಅಂದದ್ದು

೧೨ ಫೆಬ್ರುವರಿ ೨೦೨೫, ಬುಧವಾರ. ಸೂಡಿ

ಅಕ್ಕನ ಮಾತು ತಲೆಯಿಂದ ಹೋಗುತ್ತಿಲ್ಲ.

ತಾಲೂಕು ದವಾಖಾನೆಯಲ್ಲಿ ನನ್ನ ಗುತ್ತಿಗೆ ಮುಗಿಯಿತು. ನಾಳೆ ಮಾಲ್ದೀವ್ಸ್‌ಗೆ ಹೊರಡಬೇಕು. ಅಲ್ಲಿಯೂ ಡಯಾಲಿಸಿಸ್ ಯಂತ್ರ ನಡೆಸುವ ಕೆಲಸವೇ. ಕಿಡ್ನಿ ಕೆಟ್ಟ ನನ್ನ ಅಕ್ಕ ಶಂಕ್ರಕ್ಕನಿಗೆ ಇಷ್ಟು ವರ್ಷ ನಾನೇ ಸೂಜಿ ಹಾಕುತ್ತಿದ್ದೆ. ಇವತ್ತು ಹೊಸದಾಗಿ ಬಂದ ಹುಡುಗಿಗೆ ಬಿಟ್ಟುಕೊಟ್ಟೆ. ಎರಡು ಸಲ ತಪ್ಪಿತು. ಅಕ್ಕ ಹಲ್ಲು ಕಚ್ಚಿಕೊಂಡು, "ಇರ್ಲಿ ಬಿಡವಾ, ಇನ್ನೊಮ್ಮೆ ನೋಡು" ಅಂದಳು.

ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಮೆಲ್ಲಗೆ ಹೇಳಿದಳು: "ಹಾಲೇಶಾ, ಇನ್ನ ನಾ ದವಾಖಾನಿಗೆ ಹೋಗೂದಿಲ್ಲಪಾ."

"ಹುಚ್ಚಿ ಆಗಿಯೇನ? ಬಿಟ್ರ ನೀ ಭಾಳ ದಿನ ಉಳಿಯೂದಿಲ್ಲ."

"ಗೊತ್ತೈತಿ. ನನಗ ಸಾಕಾಗೇತಿ. ನಿನಗ ಸಂಕಟ ಆಗ್ತೈತಂತ ಇಷ್ಟು ದಿನಾ ಬಂದೆ."

ನಾನು ಗಾಡಿ ನಿಲ್ಲಿಸಲಿಲ್ಲ. ತಿರುಗಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಮನೆಗೆ ಬಂದ ಮೇಲೆ ಅವಳೇ ನನ್ನ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬಿದಳು. "ಸಮುದ್ರದ ಊರು, ಅಂಗಿ ಲಗೂ ಒಣಗೂದಿಲ್ಲ" ಅಂತ ಇನ್ನೆರಡು ಸೇರಿಸಿದಳು.

ಹೋಗಬೇಡ ಅಂದಿದ್ದರೆ ಉಳಿದುಬಿಡುತ್ತಿದ್ದೆ. ಅವಳು ಅನ್ನಲಿಲ್ಲ. ಹೋಗುವುದಿಲ್ಲ ಅಂತ ನಾನೂ ಅನ್ನಲಿಲ್ಲ. ಈಗ ಪಡಸಾಲೆಯಲ್ಲಿ ಬಾಗಿಲಿಗೆ ಅಡ್ಡವಾಗಿ ಮಲಗಿದ್ದಾಳೆ. ಬೆಳಿಗ್ಗೆ ಅವಳನ್ನು ದಾಟಿಕೊಂಡೇ ಬಸ್ಸಿಗೆ ಹೋಗಬೇಕು.