ಕ್ಷೌರದ ಕುರ್ಚಿಯ ಮೇಲಿನ ತುಳಸಿ

ಆರ್.ಟಿ. ನಗರ
ಭಾನುವಾರ, 9 ನವೆಂಬರ್ 2025

ನನ್ನ ನಂದಿತಾ,

ಕಾಗದ ನೋಡಿ ನಗಬೇಡ. ವಾಟ್ಸಾಪ್‌ನಲ್ಲಿ ಹಾಕಿದರೆ ಓದಿ ಮುಗಿಸುವ ಮೊದಲೇ ನೀನು ಫೋನ್ ಮಾಡುತ್ತೀಯ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಬಿ.ಎ. ಮೂರು ವರ್ಷವೂ ನಾನು ಬರೆದ ಕಥೆಗಳನ್ನು ತರಗತಿಯಲ್ಲಿ ಎದ್ದು ಓದಿದವಳು ನೀನು. ನಾನು ಹಿಂದಿನ ಬೆಂಚಿನಲ್ಲಿ ದುಪಟ್ಟಾದ ಅಂಚು ಸುತ್ತುತ್ತಾ ಕೂತಿರುತ್ತಿದ್ದೆ. ಅಮ್ಮಿ ಈಗಲೂ ನಿನ್ನನ್ನು ಫರ್ಹೀನಳ ಬಾಯಿ ಅಂತಲೇ ಕರೆಯುವುದು. ನಿನ್ನ ಬಾಯಿ ಯಲಹಂಕದಲ್ಲೇ ಇದೆಯಾ, ಆರಾಮಾಗಿದೆಯಾ ಅಂತ ವಾರಕ್ಕೊಂದು ಸಲ ಕೇಳುತ್ತಾರೆ.

ನನ್ನ ಕೆಲಸದ ಬಗ್ಗೆ ನಿನಗೆ ವಿಮೆ ಕಂಪನಿ ಅಂತ ಮಾತ್ರ ಹೇಳಿದ್ದೆ. ಯಶವಂತಪುರದ ನಮ್ಮ ಆಫೀಸು ತನಿಖೆಯ ಘಟಕ. ಆಗದ ಅಪಘಾತ ತೋರಿಸಿ ವಿಮೆ ಕೇಳುವವರನ್ನು ಪತ್ತೆ ಮಾಡುವುದು ನಮ್ಮ ಕೆಲಸ. ಉಳಿದವರು ಆಸ್ಪತ್ರೆ, ಗ್ಯಾರೇಜು, ಠಾಣೆ ಅಂತ ಅಲೆಯುತ್ತಾರೆ. ನಾನು ಕೂತು, ಬಿದ್ದೆವು ಎನ್ನುವವರು ಕೊಟ್ಟ ಹೇಳಿಕೆಗಳನ್ನು ಓದುತ್ತೇನೆ. ನಮ್ಮ ಮುಖ್ಯಸ್ಥರು ವಿಜಯ್ ಕುಮಾರ್ ಸರ್, ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ನನ್ನನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ. ಏನಮ್ಮಾ ಸಾಹಿತ್ಯ, ಇವ್ನು ಕಾಲ್ ಮುರ್ಕೊಂಡಿದ್ದಾನೋ ಕಥೆ ಕಟ್ಟಿದ್ದಾನೋ ನೋಡು ಅಂತ ಫೈಲು ಮುಂದಿಡುತ್ತಾರೆ.

ಕಳೆದ ತಿಂಗಳು ಹನ್ನೊಂದು ಹೇಳಿಕೆ ಒಟ್ಟಿಗೆ ಬಂದವು. ಎಲ್ಲ ಟೈಪಾದವು, ತಂದವನು ಜಗನ್ ಎಂಬ ಒಬ್ಬನೇ ಏಜೆಂಟು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಿದ್ದವನು, ಬೀಳುವ ಮುಂಚೆ ಮುಂದಿನ ಟೆಂಪೊದಲ್ಲಿ ಒಂಟಿ ತೊಟ್ಟಿಲು ಅಲ್ಲಾಡುವುದನ್ನು ನೋಡಿದ್ದ. ನಾಗಸಂದ್ರದಲ್ಲಿ ಬಿದ್ದವನು, ಬಲೂನು ಮಾರುವವನೊಬ್ಬ ಬಲೂನು ಬಿಡದೆ ಇಡ್ಲಿ ತಿನ್ನುವುದನ್ನು ನೋಡಿದ್ದ. ಕೋಗಿಲು ಕ್ರಾಸಿನ ಹೆಂಗಸಿಗೆ ಗೋಡೆಯ ಮೇಲೆ ಒಣಗಲಿಟ್ಟ ಒಂದೇ ಒಂದು ಶೂ ಕಂಡಿತ್ತು.

ಬೀಳುವ ಮುಂಚೆ ಕೆಲಸಕ್ಕೆ ಬಾರದ ಒಂದು ವಸ್ತು ಇಡು, ಓದುವವರು ನಂಬುತ್ತಾರೆ. ಕಾಲೇಜಿನ ಮೆಟ್ಟಿಲ ಮೇಲೆ ಕಡಲೆಕಾಯಿ ಬಿಡಿಸುತ್ತಾ ನಾವಿಬ್ಬರು ಮಾಡಿಕೊಂಡ ನಿಯಮ. ಆರನೇ ಹೇಳಿಕೆಯ ಹೊತ್ತಿಗೆ ನನ್ನ ಟೀ ಆರಿತ್ತು. ನಿಜ ಹೇಳುತ್ತೇನೆ, ಮೊದಲು ಖುಷಿಯಾಯಿತು. ನಂದಿತಾ ಬರೆಯುವುದು ಬಿಟ್ಟಿಲ್ಲ ಅಂದುಕೊಂಡೆ. ಆಮೇಲೆ ಕಾಗದದ ಕೆಳಗೆ ಸಣ್ಣಕ್ಷರದಲ್ಲಿ ನೀನು ಟೈಪಿಂಗ್‌ಗೆ ಕೂರುವ, ನಿಮ್ಮ ಅಪ್ಪ ಪಿಳ್ಳಣ್ಣ ಅಂಕಲ್ ಅವರ ಜೆರಾಕ್ಸ್ ಅಂಗಡಿಯ ಹೆಸರು ಕಂಡಿತು. ಖುಷಿ ಅಲ್ಲಿಗೇ ನಿಂತಿತು.

ನಮ್ಮವರು ಹೋಗಿ ವಿಚಾರಿಸಿದರು. ಹತ್ತು ಜನ ಎಲ್ಲೂ ಬಿದ್ದಿರಲಿಲ್ಲ, ಆಸ್ಪತ್ರೆಯ ಚೀಟಿಗಳೂ ಸುಳ್ಳು. ಹನ್ನೊಂದನೆಯದು ಚಿಕ್ಕಬಾಣಾವರ ಸ್ಟೇಷನ್ ಹತ್ತಿರ ಹೂ ಮಾರುವ ಗೋಪಾಲಮ್ಮನದು. ಅದರ ಮೇಲೆ ಯಾರೋ 'ಕಟ್ಟುಕಥೆ' ಅಂತ ಬರೆದರು. ಅಲ್ಲಿಗೆ ಅದೂ ಆ ಹತ್ತರ ಕಟ್ಟಿಗೆ ಸೇರಿತು. ಮೂರು ವಾರ ಆಕೆಯ ಮನೆಗೆ ಯಾರೂ ಹೋಗಲಿಲ್ಲ.

ಯಾಕೋ ಮನಸ್ಸು ತಡೆಯದೆ ಗುರುವಾರ ನಾನೇ ಹೋದೆ. ಸ್ಟೇಷನ್ ದಾಟಿದ ಕೂಡಲೇ ಕಂಡಿತು. ಮುಚ್ಚಿಹೋದ ಸಲೂನಿನ ಮುಂದೆ ಹಳೇ ಕ್ಷೌರದ ಕುರ್ಚಿ, ಅದರ ಮೇಲೆ ತುಳಸಿ ಕುಂಡ. ನೀನು ಬರೆದ ಹಾಗೆಯೇ ಕುರ್ಚಿಯ ಕೈಗೆ ಅರಿಶಿನ ಕೂಡ ಹಚ್ಚಿತ್ತು. ನಾನು ಬಿಸಿಲಲ್ಲಿ ಅದನ್ನೇ ನೋಡುತ್ತಾ ನಿಂತೆ.

ಗೋಪಾಲಮ್ಮ ಕಾಲಿಗೆ ರಾಡು ಹಾಕಿಸಿಕೊಂಡು ಮಂಚದ ಮೇಲೆ ಕೂತು ಕಾಕಡ ಹೂ ಕಟ್ಟುತ್ತಿದ್ದರು. ಇನ್ನೊಂದು ಆಪರೇಷನ್ ಆಗಬೇಕು, ವಿಮೆ ಬಂದರೆ ಮಾತ್ರ. ಓದಲು ಬರುವುದಿಲ್ಲ, ನೀನೇ ಓದವ್ವ ಅಂದರು. ನಿನ್ನ ಹೇಳಿಕೆಯನ್ನು ಮೊದಲ ಸಲ ನಾನು ಗಟ್ಟಿಯಾಗಿ ಓದಿದೆ. ಆಕೆ ಹೂ ಕೆಳಗಿಟ್ಟು ಕೇಳಿದರು. ಆ ಉಡ್ಗಿ ನಾನ್ ಏಳಿದ್ದು ಏಳ್ದಂಗೇ ಬರ್ದವ್ಳೆ ಕಣವ್ವ, ಅದ್ಯಾವನಪ್ಪ ಕುರ್ಚಿ ಮ್ಯಾಲೆ ತುಳ್ಸಿ ಇಟ್ಟೋನು ಅಂತ ನೋಡ್ತಾ ನಿಂತಿದ್ದುಕ್ಕೇ ಗಾಡಿ ಬಂದಿದ್ದು ಕಾಣ್ಲಿಲ್ಲ ಅಂದರು. ಕಥೆಯ ಹಾಗಿದೆ ಅಂತ ಫೈಲು ನಿಲ್ಲಿಸಿದ್ದಾರೆ ಅಂದೆ. ಆಕೆ ಮತ್ತೆ ಹೂ ಎತ್ತಿಕೊಂಡು, ಯಾಕವ್ವ, ಚೆಂದಾಗ್ ಬರ್ದಿದ್ದು ತಪ್ಪಾಯ್ತಾ ಅಂತ ಕೇಳಿದರು.

ಹನ್ನೊಂದು ಜನರಲ್ಲಿ ನಿನ್ನ ಎದುರು ಬಂದು ಕೂತವರು ಆಕೆ ಒಬ್ಬರೇ ಇರಬೇಕು. ಉಳಿದವರ ಹೆಸರು, ಜಾಗ, ತಾರೀಖನ್ನು ಜಗನ್ ಚೀಟಿಯಲ್ಲಿ ತಂದುಕೊಟ್ಟಿರುತ್ತಾನೆ. ನಿನಗೆ ಏನೂ ಗೊತ್ತಿರಲಿಲ್ಲ ಅಂತ ವರದಿಯಲ್ಲಿ ಎರಡು ಸಲ ಬರೆದು ಅಳಿಸಿದೆ. ನೀನು ದಡ್ಡಿಯಲ್ಲ ಕಣೇ. ಬಿದ್ದವರ ಮುಖ ನೋಡದೆ ಹತ್ತು ಸಲ ಬಿದ್ದದ್ದನ್ನು ಬರೆಯುವಾಗ ನಿನಗೆ ಏನಾದರೂ ಅನ್ನಿಸಿರಬೇಕು.

ಶುಕ್ರವಾರ ವರದಿ ಕೊಟ್ಟೆ. ಅದರಲ್ಲಿ ನಿನ್ನ ಹೆಸರಿದೆ. ನೀನು ನನ್ನ ಸ್ನೇಹಿತೆ ಎಂಬುದೂ ಇದೆ. ಸರ್ ಓದಿ, ಫೈಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಅವಳಿಗೊಂದು ಕಾಗದ ಬರೆಯಲಾ ಅಂತ ಕೇಳಿದೆ. ಬರಿಯಮ್ಮಾ ಸಾಹಿತ್ಯ, ಆದ್ರೆ ಇದ್ರಲ್ಲಿ ಸಾಹಿತ್ಯ ಬೇಡ ಅಂದರು.

ಆದ್ದರಿಂದ ನೇರವಾಗಿ ಬರೆಯುತ್ತೇನೆ. ಹತ್ತು ಸುಳ್ಳು ಬರೆದವಳೇ ಇದನ್ನೂ ಬರೆದಿದ್ದಾಳೆ, ಅವಳು ಬಂದು ಹೇಳದೆ ಗೋಪಾಲಮ್ಮನದನ್ನು ಒಪ್ಪುವುದಿಲ್ಲ ಅಂತ ಕಂಪನಿಯ ವಕೀಲರು ಪಟ್ಟು ಹಿಡಿದು ಕೂತಿದ್ದಾರೆ. ಬುಧವಾರ ಹನ್ನೊಂದು ಗಂಟೆಗೆ ನಮ್ಮ ಆಫೀಸಿಗೆ ಬಾ. ಯಾವುದು ಚೀಟಿಯಿಂದ ಬಂತು, ಯಾವುದು ಆಕೆಯ ಬಾಯಿಂದ ಬಂತು ಅಂತ ಹೇಳು. ಬಂದರೆ ನಿನಗೇನೂ ಆಗುವುದಿಲ್ಲ ಅಂತ ಮಾತು ಕೊಡಲಾರೆ, ವಿಷಯ ಠಾಣೆಗೆ ಹೋಗುತ್ತದೆ. ಪಿಳ್ಳಣ್ಣ ಅಂಕಲ್‌ಗೆ ಮೊದಲು ನೀನೇ ಹೇಳಿಬಿಡು. ಬೈದರೆ ಬೈಸಿಕೊ, ಅವರನ್ನು ಜೊತೆಗೆ ಕರೆದುಕೊಂಡು ಬಾ.

ಅಮ್ಮಿ ಬುಧವಾರ ಖೀರು ಮಾಡುತ್ತಾರಂತೆ. ಅವರಿಗೆ ಇದೇನೂ ಹೇಳಿಲ್ಲ. ನೀನು ಬರುತ್ತೀಯ ಅಂತಷ್ಟೇ ಹೇಳಿದ್ದೇನೆ.

ಯಾವತ್ತೂ ನಿನ್ನ ಹಿಂದಿನ ಬೆಂಚಿನವಳು,
ಫರ್ಹೀನ್

ತಾ.ಕ.: ಗೋಪಾಲಮ್ಮನ ಫೈಲಿನ ಮೇಲೆ ಯಾರೋ 'ಕಟ್ಟುಕಥೆ' ಅಂತ ಬರೆದರು ಅಂದೆನಲ್ಲ, ಅದು ನಾನು. ಕುರ್ಚಿ, ತುಳಸಿ ಅಂತ ಓದಿದ ಕೂಡಲೇ, ಇಷ್ಟು ಚೆನ್ನಾಗಿರುವುದು ನಿಜ ಇರಲಾರದು ಅಂತ ಕೆಂಪು ಪೆನ್ನಿನಲ್ಲಿ ಬರೆದುಬಿಟ್ಟೆ. ಆಕೆಯ ಮೂರು ವಾರ ಹೋದದ್ದು ನನ್ನಿಂದ. ವರದಿಯಲ್ಲಿ ನಿನ್ನ ತಪ್ಪು ಬರೆದೆ, ಇದನ್ನು ಬರೆಯಲಿಲ್ಲ. ಬುಧವಾರ ಎಲ್ಲರೆದುರು ಎದ್ದು ನಿಂತು ಹೇಳುತ್ತೇನೆ, ನೀನು ಬರದಿದ್ದರೂ. ಬಂದರೆ, ಈ ಸಲ ನನ್ನ ಪರವಾಗಿ ನೀನು ಏಳಬೇಡ. ಪಕ್ಕದಲ್ಲಿ ಕೂತಿರು, ಸಾಕು.