ಎದುರು ಪಾರ್ಟಿ ನನ್ನ ಮಗಳೇ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 11

ಕೌಂಟರ್ ಒರೆಸಿದ್ದಾಯಿತು. ಬಿಯರ್ ಬರುವ ನಲ್ಲಿಗಳನ್ನು ತೊಳೆದದ್ದಾಯಿತು. ಆಶ್‌ಟ್ರೇಗಳು ಬಕೆಟ್ಟಿನಲ್ಲಿ ನೆನೆಯುತ್ತಿವೆ. ಪಬ್ಬು ತೆರೆಯಲು ಇನ್ನೂ ಒಂದು ಗಂಟೆ ಇದೆ. ಈ ಒಂದು ಗಂಟೆ ನನ್ನದು. ಯಾರೂ ತಲೆ ತಿನ್ನುವುದಿಲ್ಲ.

ನಗರಸಭೆಯವನು ಬಂದು ಬಾಗಿಲಿಗೇ ನೋಟಿಸ್ ಅಂಟಿಸಿ ಹೋದ. ಮೊನ್ನೆ ತಾನೇ ಪೇಂಟ್ ಮಾಡಿಸಿದ ಬಾಗಿಲು! ಪಬ್ಬು, ಕ್ಲಬ್ಬುಗಳ ಒಳಗೆ ಸಿಗರೇಟು ಸೇದುವುದನ್ನು ನಿಷೇಧಿಸಬೇಕೋ ಬೇಡವೋ — ಜನರ ಅಭಿಪ್ರಾಯ ಕೇಳುತ್ತಾರಂತೆ. 22ರ ಭಾನುವಾರ ಪುರಭವನದಲ್ಲಿ ಸಭೆ. ಎರಡೂ ಕಡೆಯವರು ಮಾತಾಡಬೇಕು, ಆಮೇಲೆ ಬಂದವರೆಲ್ಲ ಕೈ ಎತ್ತಬೇಕು. ಯಾವ ಕಡೆ ಹೆಚ್ಚು ಕೈ ಎದ್ದಿತೋ ಅದೇ ಕಾನೂನು.

ನೋಟಿಸಿನ ಗೋಂದು ಆರುವುದರೊಳಗೆ ಆಫೀಸರ್ಸ್ ಕ್ಲಬ್ಬಿನ ಸೆಕ್ರೆಟರಿ ಫೋನು. "ನಮ್ಮ ಕಡೆಯಿಂದ ನೀವೇ ಮಾತಾಡ್ಬೇಕು ಸಾರ್. ಈ ಊರಲ್ಲಿ ನಿಮ್ಮ ಬಾಯಿಗೆ ಎದುರಿಲ್ಲ."

ಸುಳ್ಳೇನಲ್ಲ. ಒಪ್ಪಿಕೊಂಡೆ. ಹೊಗೆ ಇಲ್ಲದ ಪಬ್ಬು ಅಂದರೆ ಏನು, ಲೈಬ್ರರಿಯೇ?

ಮಗಳು ಬಾಗಿಲಲ್ಲಿ ನಿಂತು ನೋಟಿಸ್ ಓದಿದಳು. ಇನ್ನೊಂದು ಸಲ ಓದಿದಳು.


ಮಾರ್ಚ್ 5, ಗುರುವಾರ. ಬೆಳಿಗ್ಗೆ 11.15

ಮಗಳ ಬಗ್ಗೆ ಬರೆಯಬೇಕು. ಇಲ್ಲದಿದ್ದರೆ ಹೊಟ್ಟೆಯೊಳಗೆ ನಿಲ್ಲುವುದಿಲ್ಲ.

ನಿನ್ನೆ ಸಂಜೆ ಲೌಡ್‌ಸ್ಪೀಕರ್ ಬಂದಿದ್ದ. ಟ್ಯಾಕ್ಸಿ ಓಡಿಸುವವನು. ಎರಡನೇ ಗ್ಲಾಸು ಒಳಗೆ ಹೋದರೆ ಅವನ ಮಾತು ಮುಂದಿನ ಬೀದಿಗೆ ಕೇಳಿಸುತ್ತದೆ, ಅದಕ್ಕೇ ಆ ಹೆಸರು. ಮ್ಯಾಚಿನ ವಿಷಯಕ್ಕೆ ಯಾರ ಜೊತೆಗೋ ಕಿತ್ತಾಡಲು ಎದ್ದು ನಿಂತ. ನಾನು ಹೋಗಬೇಕು ಅನ್ನುವಷ್ಟರಲ್ಲಿ ಅವಳೇ ಹೋದಳು. ಕೌಂಟರಿನ ಮೇಲೆ ಎರಡೂ ಕೈ ಊರಿ, ಅವನ ಮುಖ ನೋಡುತ್ತ, ಮೆಲ್ಲಗೆ, ಬಹಳ ಮೆಲ್ಲಗೆ ಏನೋ ಹೇಳಿದಳು. "ಆಂ? ಏನಂದೆ?" ಅಂತ ಅವನು ಬಗ್ಗಿದ. ಅವಳು ಇನ್ನೂ ಮೆಲ್ಲಗೆ ಹೇಳಿದಳು. ಆಸಾಮಿ ತೆಪ್ಪಗೆ ಕೂತ.

ಇದು ನನ್ನ ವಿದ್ಯೆ! ನನಗೆ ಕಲಿಸಿದವನು ಈ ಪಬ್ಬು ಕಟ್ಟಿದ ನಮ್ಮಪ್ಪ. ಕುಡಿದವನ ಮುಂದೆ ದನಿ ಏರಿಸಬಾರದು. ಇಳಿಸಬೇಕು. ಕೇಳಿಸಿಕೊಳ್ಳಬೇಕಾದರೆ ಅವನು ಬಾಯಿ ಮುಚ್ಚಲೇಬೇಕಲ್ಲ. ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ, ಒಬ್ಬರಿಗೂ ಬರಲಿಲ್ಲ. ಇವಳಿಗೆ ಒಂದೇ ವರ್ಷದಲ್ಲಿ ಬಂತು.

ನಾನು ಕರೆದಿರಲಿಲ್ಲ ಅವಳನ್ನು. ಹೋಟೆಲಿನ ರಿಸೆಪ್ಷನ್ ಕೆಲಸ ಬಿಟ್ಟು ತಾನಾಗಿ ಬಂದು ಕೌಂಟರ್ ಹಿಂದೆ ನಿಂತಳು. "ಇದು ನನಗೆ ಬೇಕು ಅಪ್ಪ" ಅಂದಳು. ಅವತ್ತು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅಪ್ಪ, ನಾನು, ಇನ್ನು ಅವಳು. ನನಗೆ ಇನ್ನೇನು ಬೇಕು?


ಮಾರ್ಚ್ 8, ಭಾನುವಾರ. ಮಧ್ಯಾಹ್ನ

ಮೈ ಉರಿಯುತ್ತಿದೆ. ಅಕ್ಷರ ಸೊಟ್ಟಗೆ ಬರುತ್ತಿದೆ. ಬರಲಿ.

ತಿಂಡಿ ತಿನ್ನುವಾಗ ಅಂದಳು, "ಅಪ್ಪ, ಸಭೇಲಿ ನಾನೂ ಮಾತಾಡ್ತೀನಿ. ಹೆಸರು ಕೊಟ್ಟು ಬಂದೆ."

ನನಗೆ ಖುಷಿಯಾಯಿತು, ದಡ್ಡನ ಹಾಗೆ. "ಭೇಷ್! ನನ್ನ ನಂತರ ಮಾತಾಡು" ಅಂದೆ.

"ನಿನ್ನ ನಂತರವೇ. ಆದ್ರೆ ಆ ಕಡೆಯಿಂದ. ಬ್ಯಾನ್ ಆಗ್ಲಿ ಅಂತ."

ತಟ್ಟೆ ತಳ್ಳಿ ಎದ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ತಿಂದ ಮನೆಗೆ... ಬೇಡ, ಅದನ್ನು ಬರೆಯುವುದಿಲ್ಲ. ಅವಳು ಕೂತಲ್ಲೇ ಕೂತಿದ್ದಳು.

"ಎದೆ ಗುಯ್ಯಂತ ಅನ್ನತ್ತೆ ಅಪ್ಪ, ಮಲಗಿದ್ರೆ. ಡಾಕ್ಟ್ರ ಹತ್ರ ಹೋಗಿದ್ದೆ. ಎದೆ ಪರೀಕ್ಷೆ ಮಾಡಿ, ದಿನಕ್ಕೆ ಎಷ್ಟು ಸೇದ್ತೀಯಮ್ಮಾ ಅಂದ್ರು. ಒಂದೂ ಸೇದಿಲ್ಲ ಅಂದೆ. ನಂಬಲಿಲ್ಲ."

ನಮ್ಮಲ್ಲಿ ಮಾತ್ರ ಬೇಡ ಅಂದರೆ ಗಿರಾಕಿಗಳು ಪಕ್ಕದ ಬೀದಿಯ ಪಬ್ಬಿಗೆ ಹೋಗುತ್ತಾರೆ, ನಾವು ಬಾಗಿಲು ಹಾಕಬೇಕಾಗುತ್ತದೆ ಅಂದೆ.

"ಅದಕ್ಕೇ ಎಲ್ಲರಿಗೂ ಒಂದೇ ರೂಲ್ ಬರ್ಲಿ ಅನ್ನೋದು. ಬರದಿದ್ರೆ ನಾನು ಕೌಂಟರ್ ಬಿಡ್ತೀನಿ. ಹೋಟೆಲ್‌ನೋರು ಮತ್ತೆ ಕರೀತಿದಾರೆ."

"ಹೋಗು! ಇವತ್ತೇ ಹೋಗು!"

"ಇವತ್ತು ಸ್ಟಾಕ್ ಬರತ್ತೆ" ಅಂದಳು. ತಟ್ಟೆ ತೊಳೆದಿಟ್ಟು ಪಬ್ಬಿಗೆ ಹೊರಟಳು.

ಹೆಂಡತಿಯ ಕಡೆ ನೋಡಿದೆ, ನೀನಾದರೂ ಹೇಳು ಅಂತ. "ನನ್ನ ಯಾಕೆ ನೋಡ್ತೀರಿ? ಆ ಮೂಗು, ಆ ಹಟ ನನ್ನ ಕಡೇದಲ್ಲ" ಅಂದಳು.


ಮಾರ್ಚ್ 9, ಸೋಮವಾರ

ಮಾತಿಲ್ಲ. ಬ್ಯಾರೆಲ್ ಬಂತಾ — ಬಂತು. ಅಷ್ಟೇ.


ಮಾರ್ಚ್ 14, ಶನಿವಾರ. ಬೆಳಿಗ್ಗೆ 11

ಊರಿಗೆಲ್ಲ ಗೊತ್ತಾಗಿಹೋಗಿದೆ. ಅಪ್ಪ ಮಗಳ ಕುಸ್ತಿ ನೋಡಲು ಜನ ಈಗಲೇ ಬಂದು ಕೂರುತ್ತಿದ್ದಾರೆ. ನಾನು ಕೌಂಟರಿನ ಈ ತುದಿ, ಅವಳು ಆ ತುದಿ. ವ್ಯಾಪಾರ ಜೋರು.

ಅಭಿಪ್ರಾಯ ಅನ್ನುವುದು ಎಂಥ ವಿಚಿತ್ರ! ನಮ್ಮ ಪ್ಲಂಬರ್, ಮೂಗಿನಿಂದ ಹೊಗೆ ಬಿಡದೆ ಒಂದು ಮಾತಾಡದವನು, "ಬ್ಯಾನ್ ಆಗ್ಲಿ ಬಿಡಿ, ಎದ್ದು ಹೊರಗೆ ಹೋಗೋ ಸೋಮಾರಿತನಕ್ಕೆ ಎರಡು ಕಮ್ಮಿ ಸೇದ್ತೀನಿ" ಅನ್ನುತ್ತಾನೆ. ಜನ್ಮದಲ್ಲಿ ಸಿಗರೇಟು ಮುಟ್ಟದ ಟೈಲರಮ್ಮ, "ಬೇಡಪ್ಪಾ, ನನ್ನ ಗಂಡನ್ನ ಮನೆ ಒಳಗೆ ಸೇದೋಕೆ ಕಳಿಸ್ಬೇಡಿ" ಅನ್ನುತ್ತಾಳೆ. ಲೌಡ್‌ಸ್ಪೀಕರ್ ಮಾತ್ರ ನನ್ನ ಕಡೆ, ಗಟ್ಟಿಯಾಗಿ.

ನಿನ್ನೆ ಬಚ್ಚಲುಮನೆಯಲ್ಲಿ ಮಗಳು ಭಾಷಣ ಪ್ರಾಕ್ಟೀಸ್ ಮಾಡುತ್ತಿದ್ದಳು. ಕದ್ದು ಕೇಳಲಿಲ್ಲ. ಟವೆಲ್ ತರಲು ಹೋಗಿದ್ದೆ. ಬಲು ಕೆಟ್ಟದಾಗಿತ್ತು! ಒಂದೇ ಉಸಿರಿಗೆ, ಓಡುತ್ತ, ಕೂಗುತ್ತ. ತುಟಿ ಕಚ್ಚಿಕೊಂಡು ನಿಂತೆ. ತಡೆಯಲಾಗಲಿಲ್ಲ.

"ಶುರುವಲ್ಲೇ ಅಷ್ಟು ಓಡಬೇಡ್ವೇ!" ಅಂದೆ ಬಾಗಿಲಾಚೆಯಿಂದ.

ಒಳಗಿನಿಂದ, "ಎದುರು ಪಾರ್ಟಿಯವರ ಸಲಹೆ ಬೇಡ."

ಹೋಗಲಿ. ಐದು ದಿನದ ಮೇಲೆ ಆಡಿದ ಮೊದಲ ಪೂರ್ತಿ ಮಾತು.


ಮಾರ್ಚ್ 19, ಗುರುವಾರ. ಬೆಳಿಗ್ಗೆ

ಹೆಂಡತಿ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. "ರೀ, ಅವತ್ತು ಸ್ವಲ್ಪ ತಡವರಿಸಿ ಮಾತಾಡ್ರೀ. ಯಾರಿಗೂ ಗೊತ್ತಾಗಲ್ಲ. ಅವಳು ಇಲ್ಲೇ ಉಳೀತಾಳೆ."

ಯಾರಿಗೂ ಗೊತ್ತಾಗುವುದಿಲ್ಲವೇ? ಅವಳಿಗೆ ಗೊತ್ತಾಗುತ್ತದೆ! ನಾನು ತಡವರಿಸುವವನಲ್ಲ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಪ ಅಂತ ಬಿಟ್ಟುಕೊಟ್ಟ ಗೆಲುವನ್ನು ಆ ಹುಡುಗಿ ನನ್ನ ಮುಖಕ್ಕೇ ಎಸೆದು ಹೋದಾಳು. ಹಾಗೆ ಎಸೆಯದಿದ್ದರೆ ಅವಳು ನನ್ನ ಮಗಳೇ ಅಲ್ಲ.

ಇಲ್ಲ. ಪೂರ್ತಿ ದಮ್ಮು ಕಟ್ಟಿ ಮಾತಾಡುತ್ತೇನೆ. ಗೆದ್ದರೆ ಅವಳು ಹೋಗುತ್ತಾಳೆ. ಗೊತ್ತು. ಅವಳೂ ಪೂರ್ತಿ ದಮ್ಮು ಕಟ್ಟಲಿ.

ಮಲಗಿದಾಗ ಗೋಡೆಯಾಚೆ ಅವಳ ಕೆಮ್ಮು ಕೇಳಿಸುತ್ತದೆ. ಮೊದಲೂ ಇತ್ತೋ ಏನೋ. ನಾನು ಕಿವಿಗೊಟ್ಟಿರಲಿಲ್ಲ.


ಮಾರ್ಚ್ 22, ಭಾನುವಾರ. ಬೆಳಿಗ್ಗೆ 9

ಸಭೆ ಹತ್ತೂವರೆಗೆ. ಬಿಳಿ ಶರ್ಟು ಇಸ್ತ್ರಿಯಾಗಿ ಕುರ್ಚಿಯ ಮೇಲಿದೆ. ಇಸ್ತ್ರಿ ಮಾಡಿದ್ದು ತಾನಲ್ಲ ಅಂದಳು ಹೆಂಡತಿ.


ಮಾರ್ಚ್ 24, ಮಂಗಳವಾರ. ಬೆಳಿಗ್ಗೆ 11

ನಿನ್ನೆ ಬರೆಯಲು ಆಗಲಿಲ್ಲ. ಕೂತರೆ ನಗು, ಎದ್ದರೆ ನಗು. ಸೋತವನ ಲಕ್ಷಣವೇ ಇದು?

ಪುರಭವನ ತುಂಬಿ ಜನ ಕಿಟಕಿಯಲ್ಲಿ ನಿಂತಿದ್ದರು. ನಾನು ಮೊದಲು. ಚೆನ್ನಾಗಿಯೇ ಮಾತಾಡಿದೆ, ಜಂಭವಲ್ಲ. ನನ್ನ ಸೂರು, ನನ್ನ ಕೌಂಟರು. ದಣಿದು ಬಂದವನು ಒಂದು ಸಿಗರೇಟು ಹಚ್ಚಿದರೆ ಯಾರಪ್ಪನ ಗಂಟು ಹೋಯಿತು? ಹೊಗೆ ಬೇಡ ಅನ್ನುವವರಿಗೆ ಬಾಗಿಲು ತೆರೆದೇ ಇದೆ, ಯಾರೂ ಕಟ್ಟಿಹಾಕಿಲ್ಲ! ಚಪ್ಪಾಳೆ ಅಂದರೆ ಚಪ್ಪಾಳೆ. ಸೆಕ್ರೆಟರಿ ಎದ್ದು ನಿಂತು ತಟ್ಟಿದ.

ಆಮೇಲೆ ಅವಳು. ಮೈಕಿನ ಹತ್ತಿರ ಬಂದು ಬಾಯಿ ತೆರೆದಳೋ ಇಲ್ಲವೋ, ಹಿಂದಿನಿಂದ ಲೌಡ್‌ಸ್ಪೀಕರ್, "ಹೆತ್ತಪ್ಪನ ಹೊಟ್ಟೆ ಮೇಲೇ ಹೊಡೀತೀಯೇನಮ್ಮಾ?"

ಹೋ ಅಂತ ಗದ್ದಲ. ಶಿಳ್ಳೆ. ನಾನು ಕುರ್ಚಿ ಹಿಡಿದುಕೊಂಡೆ. ಎದುರು ಪಾರ್ಟಿಯವನು ನಾನು, ಆದರೂ ಒಳಗೊಳಗೇ, ಇಳಿಸೇ, ದನಿ ಇಳಿಸೇ...

ಇಳಿಸಿದಳು! ಮೈಕ್ ಪಕ್ಕಕ್ಕೆ ಸರಿಸಿ, ಮುಂದಿದ್ದ ಮೇಜಿನ ಮೇಲೆ ಎರಡೂ ಕೈ ಊರಿ, ಲೌಡ್‌ಸ್ಪೀಕರಿನ ಮುಖವನ್ನೇ ನೋಡುತ್ತ ಮೆಲ್ಲಗೆ ಶುರು ಮಾಡಿದಳು. ಮುಂದಿನ ಸಾಲು ಶ್ ಅಂದಿತು. ಅದರ ಹಿಂದಿನದೂ ಶ್ ಅಂದಿತು. ಸೆಕ್ರೆಟರಿ ಕಿವಿಗೆ ಕೈ ಅಡ್ಡ ಹಿಡಿದ. ಇಡೀ ಪುರಭವನ ಅವಳ ಕಡೆ ಬಗ್ಗಿತು.

"ಅಪ್ಪ ಹೇಳಿದ್ದು ನಿಜ. ಹೊಗೆ ಬೇಡ ಅನ್ನೋರಿಗೆ ಬಾಗಿಲು ತೆರೆದೇ ಇದೆ. ಆದ್ರೆ ಆ ಬಾಗಿಲಿರೋದು ಕೌಂಟರಿನ ಮುಂದೆ. ನಾನು ನಿಲ್ಲೋದು ಹಿಂದೆ. ಅಲ್ಲಿರೋದು ಗೋಡೆ."

ನನ್ನ ವಾಕ್ಯವನ್ನೇ ಎತ್ತಿ ನನಗೇ ಬಡಿಸಿದಳು!

ಡಾಕ್ಟರ ಮಾತು ಹೇಳಿದಳು. ಒಂದೂ ಸೇದಿಲ್ಲ ಅಂದದ್ದು, ಅವರು ನಂಬದೇ ಇದ್ದದ್ದು. ಮನೆಯಲ್ಲಿ ಕೇಳಿದಾಗ ಕೋಪದಲ್ಲಿದ್ದೆ. ಇಲ್ಲಿ ಕೇಳಿದಾಗ ಎದೆ ಚುರುಕ್ ಅಂದಿತು, ಕಣ್ಣು ಒದ್ದೆಯಾಯಿತು. ಕೊನೆಗೆ, "ನಮ್ಮ ಪಬ್ಬನ್ನ ಮುಚ್ಚೋಕೆ ಬಂದಿಲ್ಲ ನಾನು. ಮೂವತ್ತು ವರ್ಷ ನಮ್ಮಪ್ಪ ನಿಂತ ಜಾಗದಲ್ಲಿ ಇನ್ನು ಮೂವತ್ತು ವರ್ಷ ನಿಲ್ಬೇಕು ಅಂತ ಆಸೆ. ಅಷ್ಟು ಉಸಿರು ಬೇಕು" ಅಂದು ಹೋಗಿ ಕೂತಳು.

ಕೈ ಎತ್ತಿ ಅಂದರು. ನನ್ನ ಕೈಯನ್ನು ನನ್ನ ಕಡೆಗೇ ಎತ್ತಿದೆ. ಮಾತು ಕೊಟ್ಟಿದ್ದೆ. ಅವಳ ಕಡೆಗೆ ಎದ್ದ ಕೈಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ಕಿವಿಗೆ ಸಿಗರೇಟು ಸಿಕ್ಕಿಸಿಕೊಂಡ ಪ್ಲಂಬರ್ ಎತ್ತಿದ. ಟೈಲರಮ್ಮ ಗಂಡನ ಕೈಯನ್ನೂ ಹಿಡಿದು ಎತ್ತಿಸಿದಳು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಉದ್ದಕ್ಕೆ ಎದ್ದದ್ದು ಲೌಡ್‌ಸ್ಪೀಕರಿನ ಕೈ. ಹಾಳಾದವನು!

ಸೆಕ್ರೆಟರಿ ಮುಖ ಹುಳ್ಳಗೆ ಮಾಡಿಕೊಂಡು, "ಆ ಥರ ಮಾತಾಡೋದನ್ನ ಯಾರ್ರೀ ಹೇಳ್ಕೊಟ್ರು ಅವಳಿಗೆ?" ಅಂದ.

"ನಾನೇ ಕಣ್ರೀ!" ಅಂದೆ. ಎಷ್ಟು ಗಟ್ಟಿಯಾಗಿ ಅಂದೆನೆಂದರೆ ಪುರಭವನವೆಲ್ಲ ತಿರುಗಿ ನೋಡಿತು. ನೋಡಲಿ. ಲೌಡ್‌ಸ್ಪೀಕರಿಗೂ ಮೀರಿದ ದನಿ. ಅವಳೂ ನೋಡಿದಳು. ನಕ್ಕಳು, ಹದಿನೈದು ದಿನದ ಮೇಲೆ.


ಮೇ 2, ಶನಿವಾರ. ಬೆಳಿಗ್ಗೆ 11.40

ನಿನ್ನೆಯಿಂದ ಕಾನೂನು ಜಾರಿ. ನೆನೆಹಾಕಲು ಆಶ್‌ಟ್ರೇ ಇಲ್ಲ, ಬೆಳಿಗ್ಗೆ ಕೈಗೆ ಕೆಲಸವೇ ಇಲ್ಲದ ಹಾಗೆ ಆಗಿದೆ.

ಜನ ಬಂದರು. ಎಲ್ಲರೂ ಬಂದರು ಅನ್ನಲಾರೆ. ಎರಡು ಟೇಬಲ್ ಖಾಲಿ ಇದ್ದವು. ಹೊಸ ಮುಖಗಳೂ ಕಂಡವು, ಇಬ್ಬರು ನರ್ಸಮ್ಮಂದಿರು, ಒಬ್ಬ ಮುದುಕ. ನೋಡೋಣ.

ನಿನ್ನೆ ಸಂಜೆ ಏಳು ಗಂಟೆಗೆ ನನಗೂ ತಡೆಯಲಾಗಲಿಲ್ಲ. ಫುಟ್‌ಪಾತಿಗೆ ಹೋಗಿ ಹಚ್ಚಿದೆ. ಪ್ಲಂಬರ್, ಲೌಡ್‌ಸ್ಪೀಕರ್, ನಾನು, ಶಾಲೆಯಿಂದ ಹೊರಗೆ ಹಾಕಿಸಿಕೊಂಡವರ ಹಾಗೆ ಸಾಲಾಗಿ ನಿಂತಿದ್ದೆವು. ಹಾಗೇ ಕಿಟಕಿಯ ಗಾಜಿನಲ್ಲಿ ನೋಡಿದೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಪಬ್ಬು ತುಂಬಿದ ಹೊತ್ತಿನಲ್ಲಿ ಹೊರಗೆ ನಿಂತು ನೋಡಿರಲಿಲ್ಲ. ಒಳಗೇ ಇರುತ್ತಿದ್ದೆನಲ್ಲ. ದೀಪಗಳು, ಗ್ಲಾಸುಗಳು, ನಡುವೆ ಅವಳು. ಒಂದು ಕೈ ನಲ್ಲಿಯ ಮೇಲೆ, ಕಣ್ಣು ಎಲ್ಲರ ಮೇಲೆ. ಥೇಟ್ ನಮ್ಮಪ್ಪ ನಿಂತ ಹಾಗೆ.

"ಯಾರ್ರೀ ಅದು ಒಳಗೆ, ಓನರ್ರಾ?" ಅಂದ ಲೌಡ್‌ಸ್ಪೀಕರ್, ರೇಗಿಸಲು.

"ಹೌದು" ಅಂದೆ.

ಅರ್ಧ ಸಿಗರೇಟು ಬಿಸಾಕಿ ಒಳಗೆ ಬಂದೆ.

ಇವತ್ತು ಬಾಗಿಲಿನ ಬೀಗದ ಕೈ ಅವಳಿಗೇ ಕೊಟ್ಟಿದ್ದೇನೆ. ಇಷ್ಟು ವರ್ಷ ನಾನೇ ತೆರೆದದ್ದು. ಹೊರಗೆ ಲೌಡ್‌ಸ್ಪೀಕರ್ ಆಗಲೇ ಬಡಿಯುತ್ತಿದ್ದಾನೆ, ಹನ್ನೆರಡು ಹೊಡೆಯಲಿ ಬಿಡು ಅಂದೆ. ಅವಳು ಹೋಗಲಿಲ್ಲ. ಬೀಗದ ಕೈ ಹಿಡಿದು ಇಲ್ಲೇ ಎದುರಿಗೆ ಬಂದಳು, ಎರಡೂ ಕೈ ಕೌಂಟರಿನ ಮೇಲೆ ಊರಿದ್ದಾಳೆ. ನನ್ನ ಮುಖ ನೋಡುತ್ತ ಏನೋ ಹೇಳುತ್ತಿದ್ದಾಳೆ, ಮೆಲ್ಲಗೆ, ಬಹಳ ಮೆಲ್ಲಗೆ. ಕಳ್ಳಿ! ಬರೆಯುತ್ತ ಕೂತರೆ ಒಂದಕ್ಷರ ಕೇಳಿಸುವುದಿಲ್ಲ. ಪೆನ್ನು ಇಟ್ಟು —