ಖರ್ಜೂರದ ನಾರಿನ ಹಗ್ಗ

ಅಬು ಅಲ್ ಖಸೀಬ್
೯ ಏಪ್ರಿಲ್ ೧೯೬೪

ಪ್ರೀತಿಯ ಗೆಳತಿ, ಬೀಗಿತ್ತಿ ವಫೀಯಾಳಿಗೆ ನಜ್ಮಿಯಾಳ ಸಲಾಮು.

ಉತ್ತರ ತಡವಾಯಿತು, ಬೈದುಕೋ. ನಮ್ಮ ಮನೆಯವರು ಖರ್ಜೂರದ ಮರದಿಂದ ಬಿದ್ದರು. ಜೀವ ಉಳಿದಿದೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ.

ನನಗಿನ್ನೂ ನಂಬಲಾಗುತ್ತಿಲ್ಲ. ಹೆಣ್ಣು ಮರಗಳಿಗೆ ಗಂಡು ಹೂ ಕಟ್ಟುವ ಕಾಲ. ಎಂದಿನಂತೆ ನಾರಿನ ಹಗ್ಗವನ್ನು ಮರಕ್ಕೂ ಬೆನ್ನಿಗೂ ಬಳಸಿ ಹತ್ತಿದರು. ಮೇಲಿನಿಂದ ನನ್ನನ್ನು ಛೇಡಿಸಿದರು: "ಹಂಗೆ ಕತ್ತೆತ್ತಿ ನೋಡ್ಬೇಡ ಕಣೇ, ಜನ ನಮಗೆ ಹೊಸದಾಗಿ ಮದುವೆ ಆಗಿದೆ ಅಂದ್ಕೊಳ್ತಾರೆ." ನಗು ಬಂದು ತಲೆ ತಗ್ಗಿಸಿದೆ. ಅಷ್ಟರಲ್ಲಿ ಹಗ್ಗ ತುಂಡಾಗಿ ಅವರು ನೆಲದ ಮೇಲಿದ್ದರು.

ಹೋದ ಚಳಿಗಾಲದಲ್ಲಿ ಅವರೇ ಹೊಸೆದ ಹಗ್ಗ ಅದು. ಒಂದು ಎಳೆಯೂ ಬಿಟ್ಟಿರಲಿಲ್ಲ, ಬಣ್ಣ ತುಸು ಕಂದಿತ್ತು ಅಷ್ಟೆ. ಆಸ್ಪತ್ರೆಯಿಂದ ಬಂದವರೇ ತುಂಡನ್ನು ತರಿಸಿಕೊಂಡು ಬೆರಳಲ್ಲಿ ಉಜ್ಜಿದರು. ನಾರು ಒಣಗಿದ ರೊಟ್ಟಿಯಂತೆ ಪುಡಿಯಾಯಿತು.

"ಇದನ್ನ ಬೆಂಕಿ ಹತ್ರ ಯಾರಿಟ್ರು?"

ಇವರು ಬೀಳುವ ಹಿಂದಿನ ದಿನ ಹಗ್ಗ ಮಳೆಗೆ ನೆಂದಿತ್ತು. ನಾವಾದರೆ ನೆರಳಲ್ಲಿ ಗಾಳಿಗೆ ಹಾಕುತ್ತೇವೆ. ಬಿಸಿ ತಿಂದ ನಾರಿನಲ್ಲಿ ಪಸೆ ಇರುವುದಿಲ್ಲ, ಬಾಗಬೇಕಾದಲ್ಲಿ ಮುರಿಯುತ್ತದೆ. ಬಾಗ್ದಾದಿನಲ್ಲಿ ಬೆಳೆದ ನಿನ್ನ ಮಗಳು ಸಜೀದಾಗೆ ಇದು ಹೇಗೆ ಗೊತ್ತಿರಬೇಕು? ಮಾವನಿಗೆ ಬೆಳಗಾಗುವುದರೊಳಗೆ ಒಣಗಿರಲಿ ಎಂದು, ರೊಟ್ಟಿ ಸುಟ್ಟ ಮೇಲೆ ತಂದೂರಿನ ಬಾಯಿಗೆ ಹರಡಿದ್ದಳಂತೆ. ನೋಡಿದ ನೆರೆಮನೆಯವಳು ಆಮೇಲೆ ನನ್ನೊಬ್ಬಳಿಗೇ ಹೇಳಿದಳು. ನಾನು ಇವರಿಗೆ ಹೇಳಿದೆ.

ಇವರು ಹಗ್ಗದ ತುಂಡನ್ನು ದಿಂಬಿನಡಿ ಸೇರಿಸಿದರು. ಆಮೇಲೆ, "ಆ ಮಗು ಕಿವಿಗೆ ಇದು ಬೀಳಬಾರದು. ಹಗ್ಗ ಹಳೇದಾಗಿತ್ತು ಅಂತ ಎಲ್ಲರಿಗೂ ಹೇಳು," ಎಂದರು.

"ಹಳೇದು? ನೀವು ಹೊಸೆದಿದ್ದು ಊರಿಗೆಲ್ಲ ಗೊತ್ತು."

"ಹಂಗಾದ್ರೆ ನಂಗೆ ಹೊಸಿಯಕ್ಕೆ ಬರಲ್ಲ ಅಂತ ಹೇಳು."

ಸುತ್ತಮುತ್ತಲಿನ ತೋಟದವರೆಲ್ಲ ಹಗ್ಗಕ್ಕೆ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು, ವಫೀಯಾ. ಆ ಹೆಸರನ್ನೂ ಕೊಟ್ಟುಬಿಟ್ಟರು. ಸುಳ್ಳೇಕೆ, ನನಗೆ ನಿನ್ನ ಮಗಳ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಅವಳು ಮಾವನ ಸತ್ತ ಕಾಲುಗಳನ್ನು ಒತ್ತುತ್ತ ಕೂತಿದ್ದನ್ನು ನೋಡಿದ ಮೇಲೆ ಬೈಯಲು ಮನಸ್ಸು ಬರಲಿಲ್ಲ. ನೀನೂ ಅವಳಿಗೆ ಬರೆಯುವಾಗ ಹಗ್ಗ ಸರಿಯಿರಲಿಲ್ಲವೆಂದೇ ಬರೆ.

ನಿನ್ನ ಮನೆಯ ಎಲ್ಲರನ್ನೂ ದೇವರು ತಣ್ಣಗಿಟ್ಟಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ,
ನಜ್ಮಿಯಾ

ಮರೆತಿದ್ದೆ: ಇವರು ಬಿದ್ದ ದಿನದಿಂದ ಸಜೀದಾ ತಂದೂರು ಹಚ್ಚಿಲ್ಲ. ಯಾಕೆಂದು ನಾವು ಕೇಳಿಲ್ಲ, ಅವಳೂ ಹೇಳಿಲ್ಲ. ರೊಟ್ಟಿ ಅಂಗಡಿಯಿಂದ ಬರುತ್ತಿದೆ. ಇವರು ದಿನಾ ಅದನ್ನು ಬಾಯ್ತುಂಬ ಹೊಗಳುತ್ತಾರೆ. ಅವಳು ತಲೆ ಎತ್ತುವುದಿಲ್ಲ.